ನಲವತ್ತೇಳನೇ ಪುಟದ ಬೆನ್ನಿಗೆ ಮಾನಪ್ಪ ಸೇಟ್

ಡೊಂಬಿವಲಿ ಪೂರ್ವದ ಲೋಕನಾಥ ಬಂಗೇರರು ಕವಿಯಲ್ಲ. ಇದನ್ನು ಅವರು ಪ್ರತಿ ಭಾಷಣದ ಆರಂಭದಲ್ಲೂ ತಾವೇ ಹೇಳಿಕೊಳ್ಳುತ್ತಾರೆ. ಹೇಳಿ, ಒಂದು ಕ್ಷಣ ಸಭೆಯನ್ನು ನೋಡುತ್ತಾರೆ. ಹಾಗೆನ್ನಬೇಡಿ ಎಂದು ಯಾರಾದರೂ ತಡೆದಾರೇನೋ ಎಂಬ ಆಸೆ. ಹದಿಮೂರು ವರ್ಷಗಳಲ್ಲಿ ಒಬ್ಬರೂ ತಡೆದಿಲ್ಲ. ಆಮೇಲೆ ಕನ್ನಡಕ ಮೇಲೇರಿಸಿ, "ಆದರೆ ಕವಿ ಸರ್ವೋತ್ತಮರ ಮಟ್ಟಿಗೆ ಕೊನೆಯ ಮಾತು ನನ್ನದೇ" ಎಂದು ಶುರುಮಾಡುತ್ತಾರೆ. ಅದು ಮಾತ್ರ ನಿಜ. ಏಕೆಂದರೆ ಸರ್ವೋತ್ತಮರ ಬಗ್ಗೆ ಮೊದಲ ಮಾತನ್ನು ಆಡಿದವರೂ ಬೇರೆ ಯಾರೂ ಇಲ್ಲ.

ಲೋಕನಾಥರು ಹತ್ತೊಂಬತ್ತನೇ ವಯಸ್ಸಿಗೆ ಕಾಪು ಕಡೆಯಿಂದ ಬಂದವರು. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಕ್ಲಾರ್ಕ್ ಆದರು. ಮೂವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಬಂದ ಕಾಗದಕ್ಕೆ ಇನ್‌ವರ್ಡ್ ನಂಬರು, ಹೋದ ಕಾಗದಕ್ಕೆ ಔಟ್‌ವರ್ಡ್ ನಂಬರು. ಕಾಗದದೊಳಗೆ ಏನಿದೆ ಎಂದು ನೋಡುವುದು ಅವರ ಕೆಲಸವಾಗಿರಲಿಲ್ಲ. ಈ ಅಭ್ಯಾಸ ಮುಂದೆ ಸಾಹಿತ್ಯ ಸಂಶೋಧನೆಯಲ್ಲಿ ಅವರಿಗೆ ಬಹಳ ಉಪಯೋಗಕ್ಕೆ ಬಂತು.

ಸಂಶೋಧನೆ ಶುರುವಾದದ್ದು ಒಂದು ಶ್ರದ್ಧಾಂಜಲಿ ಸಭೆಯಲ್ಲಿ. ಸರ್ವೋತ್ತಮರು ಕಲ್ಯಾಣದ ಮಾನಪ್ಪ ಸೇಟ್ ಅವರ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು, ಒಂಟಿ ಜೀವ, ಪದ್ಯ ಬರೆಯುತ್ತಿದ್ದರು, ಪುಸ್ತಕ ಮಾತ್ರ ತರಲಿಲ್ಲ. ಅವರು ತೀರಿಕೊಂಡಾಗ ಸಂಘದ ಸಭಾಂಗಣದಲ್ಲಿ ಆರು ಮಂದಿ ಮಾತಾಡಿದರು. ಆರೂ ಮಂದಿ ಅವರನ್ನು ಮಹಾಕವಿ ಎಂದರು, ಒಬ್ಬರಿಗೂ ಒಂದು ಸಾಲು ನೆನಪಿರಲಿಲ್ಲ. ಲೋಕನಾಥರ ಚೀಲದಲ್ಲಿ ಹೆಂಡತಿ ಸುಲೋಚನಾ ಚಕ್ಕುಲಿ ಸುತ್ತಿಕೊಟ್ಟಿದ್ದ ಹಳೆಯ ಸ್ಮರಣ ಸಂಚಿಕೆಯ ಹಾಳೆಯಿತ್ತು. ಅದರಲ್ಲಿ ಸರ್ವೋತ್ತಮರ ಎಂಟು ಸಾಲು. ಅವರು ಎದ್ದು, ಎಣ್ಣೆಯ ಕಲೆಯ ನಡುವಿನಿಂದ ಅದನ್ನು ಓದಿದರು. ಸಭೆ ಚಪ್ಪಾಳೆ ತಟ್ಟಿತು. ಐವತ್ತು ವರ್ಷದ ಬಾಳಿನಲ್ಲಿ ಲೋಕನಾಥರಿಗಾಗಿ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಮರುದಿನವೇ ಅವರು ಒಂದು ಲೆಡ್ಜರು ಕೊಂಡು, ಚಕ್ಕುಲಿಯ ಹಾಳೆಗೆ ಇನ್‌ವರ್ಡ್ ನಂಬರು ಒಂದು ಎಂದು ಬರೆದರು.

ಈ ಕಡೆಯ ಸ್ಮರಣ ಸಂಚಿಕೆಗಳ ಹುಟ್ಟು ಗೊತ್ತಿದ್ದವರಿಗೆ ಸರ್ವೋತ್ತಮರ ಕಾವ್ಯವೂ ಅರ್ಥವಾಗುತ್ತದೆ. ಕನ್ನಡ ಸಂಘ, ಜಾತಿ ಸಂಘ, ಶನಿಪೂಜಾ ಸಮಿತಿ, ಯಕ್ಷಗಾನ ಮಂಡಳಿ, ಯಾರೇ ವಾರ್ಷಿಕೋತ್ಸವ ಮಾಡಲಿ, ಮೊದಲು ಬರುವುದು ಹೋಟೆಲಿನವರ ಜಾಹೀರಾತು. ಆಮೇಲೆ ಅಧ್ಯಕ್ಷರ ಫೋಟೋ. ಕೊನೇ ಗಳಿಗೆಯಲ್ಲಿ ಯಾವನಾದರೂ ಜಾಹೀರಾತು ಕೈಕೊಟ್ಟರೆ ಪ್ರೆಸ್ಸಿನವನು ಫೋನ್ ಮಾಡುತ್ತಿದ್ದ: "ಸರ್ವೋತ್ತಮಣ್ಣ, ಕಾಲು ಪುಟ ಖಾಲಿ ಉಂಟು, ಸಂಜೆಯೊಳಗೆ ಒಂದು ಕೊಡಿ." ಅವರು ಗಲ್ಲಾದ ಮೇಲೆ ಕೂತು ಬಿಲ್ ಪುಸ್ತಕದ ಹಿಂದೆ ಅಳತೆಗೆ ಸರಿಯಾಗಿ ಬರೆದು ಕಳಿಸುತ್ತಿದ್ದರು. ಲೋಕನಾಥರು ಇದನ್ನು ಬೇರೆ ರೀತಿಯಲ್ಲಿ ಕಂಡುಕೊಂಡರು. 'ಕವಿಯ ಅರ್ಧಪುಟದ ಘಟ್ಟ', 'ಕಾಲುಪುಟದ ಘಟ್ಟ: ಮೌನದ ಕಡೆಗೆ' ಎಂದು ಎರಡು ಪ್ರಬಂಧ ಬರೆದು ಠಾಣೆ ಊರಿನ ಸಂಘದಲ್ಲಿ ಓದಿದರು. ಅಲ್ಲಿದ್ದ ನಿವೃತ್ತ ಪ್ರೆಸ್ಸಿನವರೊಬ್ಬರು ಏನೋ ಹೇಳಲು ಕೈಯೆತ್ತಿದ್ದರು. ಅಷ್ಟರಲ್ಲಿ ಉಪಾಹಾರ ಬಂತು.

ಹುಡುಕಾಟ ಸುಲಭದ್ದೇನೂ ಆಗಿರಲಿಲ್ಲ, ಇದನ್ನು ಒಪ್ಪಲೇಬೇಕು. ಕಲ್ಯಾಣದ ರದ್ದಿ ಅಂಗಡಿಗಳಲ್ಲಿ ಅವರು ಮೊಣಕಾಲೂರಿ ಕೂತರು. ಬಾಗಿಲು ತೆರೆಯದ ಸಂಘದ ಕಪಾಟುಗಳ ಮುಂದೆ ಕಾರ್ಯದರ್ಶಿಗಳಿಗಾಗಿ ಕಾದರು. ಇಪ್ಪತ್ತೈದು ಕವಿಗಳ ಒಂದು ಸಂಕಲನಕ್ಕಾಗಿ ಇಪ್ಪತ್ತನಾಲ್ಕು ಮನೆಗೆ ಹೋದರು; ಎಲ್ಲ ಮನೆಯಲ್ಲೂ ಪುಸ್ತಕವಿತ್ತು, ಎಲ್ಲ ಮನೆಯಲ್ಲೂ ಅದು ತೆರೆದರೆ ಆಯಾ ಮನೆಯ ಕವಿಯ ಪುಟಕ್ಕೇ ತೆರೆಯುತ್ತಿತ್ತು, ಸರ್ವೋತ್ತಮರ ಪುಟ ಮಾತ್ರ ಎಲ್ಲೆಡೆ ಅಂಟಿಕೊಂಡೇ ಇತ್ತು. ಪ್ರೆಸ್ಸಿನಿಂದ ಬಂದ ಮೇಲೆ ಅದನ್ನು ಬಿಡಿಸಿದವರಿಲ್ಲ.

"ಮನೆಯಲ್ಲಿ ಕೊತ್ತಂಬರಿ ತರಲಿಕ್ಕೆ ಹೇಳಿದರೆ ಮರೀತಾರೆ, ಆ ಕವಿಯ ಪದ್ಯ ಯಾವ ಪುಟದಲ್ಲಿ ಅಂತ ನಿದ್ದೆಯಲ್ಲೂ ಹೇಳ್ತಾರೆ" ಎಂದು ಸುಲೋಚನಾ ನೆರೆಯವರಿಗೆ ಹೇಳುತ್ತಿದ್ದರು. ಮಗಳು ಮಾನಸಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. "ಪಪ್ಪಾ, ಪಡ್ನೇವಾಲಾ ಕೌನ್ ಹೈ?" ಎಂದು ಕೇಳಿದ್ದಳು. ಓದುವವರು ಯಾರೆಂಬ ಪ್ರಶ್ನೆಯನ್ನು ಲೋಕನಾಥರು ಸಂಶೋಧನೆಯ ವ್ಯಾಪ್ತಿಗೆ ಬಾರದ ವಿಷಯ ಎಂದು ತಳ್ಳಿಹಾಕಿದರು.

ಹದಿಮೂರು ವರ್ಷಕ್ಕೆ ನೂರಹನ್ನೊಂದು ಪದ್ಯಗಳಾದವು. ಬಾಕಿ ಉಳಿದದ್ದು ಒಂದೇ. ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಕಲ್ಯಾಣದ ಒಂದು ಸಂಘ ತಂದ ಸಂಚಿಕೆಯ ಪರಿವಿಡಿಯಲ್ಲಿ 'ರುಬ್ಬುವ ಕಲ್ಲು – ಸರ್ವೋತ್ತಮ – ಪುಟ ೪೭' ಎಂದಿತ್ತು. ಸಿಕ್ಕ ನಾಲ್ಕು ಪ್ರತಿಗಳಲ್ಲೂ ನಲವತ್ತಾರರ ನಂತರ ನೇರ ನಲವತ್ತೊಂಬತ್ತು. ನಡುವಿನ ಹಾಳೆಯನ್ನು ಯಾರೋ ಅಚ್ಚುಕಟ್ಟಾಗಿ ಕತ್ತರಿಸಿದ್ದರು. 'ಸಮಗ್ರ' ಎಂದು ಹೆಸರಿಟ್ಟ ಪುಸ್ತಕದಲ್ಲಿ ಒಂದು ಪದ್ಯ ಕಡಿಮೆಯಾದರೆ ಅದು ಸಮಗ್ರ ಹೇಗಾದೀತು? ಪುಸ್ತಕವೇ ನಿಂತುಹೋಯಿತು. ಹಾಗೆಂದು ಲೋಕನಾಥರು ಸುಮ್ಮನೆ ಕೂರಲಿಲ್ಲ. ಆ ಪದ್ಯವನ್ನು ನೋಡದೆಯೇ ಅದರ ಮೇಲೆ ಹನ್ನೆರಡು ಪುಟದ ಪ್ರಬಂಧ ಬರೆದು, ರುಬ್ಬುವ ಕಲ್ಲು ಕಾಲಚಕ್ರದ ಸಂಕೇತ, ಉದ್ದಿನ ಬೇಳೆ ಜೀವಾತ್ಮ ಎಂದು ಸಾಧಿಸಿದರು. ಅದಕ್ಕೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಸಿಕ್ಕಿತು.

ಹಾಳೆ ಎಲ್ಲಿದೆಯೆಂದು ಗೊತ್ತಾದದ್ದು ಇದೇ ಫೆಬ್ರವರಿಯಲ್ಲಿ. ಕಲ್ಯಾಣ ಸ್ಟೇಷನ್ನಿನ ಹೊರಗೆ, ಮಾನಪ್ಪ ಸೇಟ್ ಕಟ್ಟಿದ ಹೋಟೆಲಿನಲ್ಲಿ ಲೋಕನಾಥರು ಚಹಾ ಕುಡಿಯುತ್ತಿದ್ದರು. ಸೇಟ್ ತೀರಿಕೊಂಡು ಇಪ್ಪತ್ತೈದು ವರ್ಷ. ಗಲ್ಲಾದಲ್ಲಿ ಈಗ ಅವರ ಅಳಿಯ ಸೂರಜ್. ಅವನ ತಲೆಯ ಮೇಲೆ ಹಾರ ಹಾಕಿದ ಸೇಟರ ಫೋಟೋ. ಕೋಟು ತೊಟ್ಟ ಎದೆಮಟ್ಟದ ಚಿತ್ರ, ಸುತ್ತ ಯಕ್ಷಗಾನ ಕಿರೀಟದ ಅಂಚು, ಕೆಳಗೆ 'ಶುಭ ಹಾರೈಕೆಗಳೊಂದಿಗೆ', ಅದರ ಕೆಳಗೆ ಕುಂಕುಮದ ನಡುವೆ ಸಣ್ಣದಾಗಿ ೪೮. ಲೋಕನಾಥರು ಚಹಾ ಅರ್ಧಕ್ಕೇ ಇಟ್ಟು ಎದ್ದರು: ನಲವತ್ತೆಂಟರ ಬೆನ್ನಿಗೇ ನಲವತ್ತೇಳು.

ವಿಷಯ ಇಷ್ಟೇ. ಸೇಟ್ ಜೀವಮಾನದಲ್ಲಿ ಫೋಟೋಕ್ಕೆ ನಿಂತವರಲ್ಲ. ಮದುವೆಯ ಫೋಟೋದಲ್ಲಿ ಇಪ್ಪತ್ತೆರಡರ ಒಣಕಲು ಹುಡುಗ. ಅವನೊಂದು ಹೋಟೆಲಿನ ಮಾಲೀಕ ಎಂದರೆ ಗಿರಾಕಿಗಳೇ ನಂಬುವುದಿಲ್ಲ. ಸ್ವಾಗತ ಸಮಿತಿಯ ಅಧ್ಯಕ್ಷರಾದಾಗ ಜಾಹೀರಾತಿಗೆಂದು ತೆಗೆಸಿದ್ದ ಆ ಒಂದು ಚಿತ್ರವೇ ಗತಿ. ಸ್ಟುಡಿಯೋ ಮುಚ್ಚಿಹೋಗಿತ್ತು. ಅಚ್ಚಿನ ಪುಟವನ್ನು ದೊಡ್ಡದು ಮಾಡಿಸಿದರೆ ಮುಖದ ತುಂಬ ಸಿಡುಬಿನ ಹಾಗೆ ಚುಕ್ಕೆ. ಹೀಗಾಗಿ ಸೇಟರಿಗೆ ಕೊಟ್ಟಿದ್ದ ನೂರು ಪ್ರತಿಗಳಿಂದಲೂ, ನೆಂಟರಿಷ್ಟರು ಬೇರೆಡೆಯಿಂದ ತರಿಸಿದ ಪ್ರತಿಗಳಿಂದಲೂ ನಲವತ್ತೆಂಟನೇ ಪುಟ ಕತ್ತರಿಸಿ, ಕಟ್ಟು ಹಾಕಿಸಿ, ಮನೆ ಮನೆಗೂ ಹೋಟೆಲು ಹೋಟೆಲಿಗೂ ತೂಗುಹಾಕಿದ್ದರು. ಇಪ್ಪತ್ತೈದು ವರ್ಷದಿಂದ ಸೇಟ್ ಗಿರಾಕಿಗಳನ್ನು ನೋಡುತ್ತಿದ್ದರು, ಸರ್ವೋತ್ತಮರ ಪದ್ಯ ಗೋಡೆ ನೋಡುತ್ತಿತ್ತು.

"ಸ್ವಲ್ಪ ಕೆಳಗೆ ಇಳಿಸಿದರೆ, ಹಿಂದಿನ ಭಾಗ ಒಮ್ಮೆ ನೋಡಬಹುದಿತ್ತು" ಎಂದರು ಲೋಕನಾಥರು.

"ಮಾವನನ್ನು ಗೋಡೆಯಿಂದ ಇಳಿಸೋದಾ?" ಎಂದ ಸೂರಜ್. "ಧಂದೆಯ ಹೊತ್ತಲ್ಲಿ ಎಂತ ಮಾತಾಡ್ತೀರಿ ಅಂಕಲ್."

ಆದರೆ ಮಾತು ತಲೆಗೆ ಹೋಯಿತು. ಅವನು ಕತ್ತೆತ್ತಿ ನೋಡಿದ. ಹಾಳೆ ಹಳದಿಯಾಗಿತ್ತು, ಸೇಟರ ಒಂದು ಕಿವಿಗೆ ಹುಳ ಬಿದ್ದಿತ್ತು. ಮುಂದಿನ ವಾರ ಲೋಕನಾಥರು ಕಾಜುಕಟ್ಲಿ ಹಿಡಿದು ಹೋದಾಗ ಗೋಡೆಯ ಮೇಲೆ ಹೊಸ ಚಿತ್ರವಿತ್ತು. ಕಂಪ್ಯೂಟರಿನಲ್ಲಿ ತಿದ್ದಿದ ಸೇಟ್, ನೀಲಿ ಕೋಟು, ಇಲ್ಲದ ಕೂದಲು. ಹಳೆಯದು ಎಲ್ಲಿ ಎಂದರೆ, "ಪೂಜೆ ಮಾಡಿದ ಪಟ ಅಲ್ವಾ, ಕಸಕ್ಕೆ ಹಾಕಲಿಕ್ಕಾಗ್ತದಾ? ಹಳೇ ದೇವರ ಪಟದ ಜೊತೆ ಖಾಡಿಯ ನೀರಿನಲ್ಲಿ ಬಿಟ್ಟೆವು. ಇಡೀ ಫ್ಯಾಮಿಲಿಯದ್ದು ಒಟ್ಟಿಗೇ" ಎಂದ. ಲೋಕನಾಥರು ತಲೆಯ ಮೇಲೆ ಕೈಹೊತ್ತು ಕೂತರು. ತಾವು ಕೇಳದಿದ್ದರೆ ಹಾಳೆಗಳು ಇನ್ನೂ ಇಪ್ಪತ್ತೈದು ವರ್ಷ ಗೋಡೆಯ ಮೇಲಿರುತ್ತಿದ್ದವು. ಒಬ್ಬ ಕವಿಯ ಕೃತಿಯನ್ನು ಒಂದೇ ವಾರದಲ್ಲಿ ಇಷ್ಟು ಸಂಪೂರ್ಣವಾಗಿ ಮುಳುಗಿಸಿದ ಸಂಶೋಧಕ ಕನ್ನಡದಲ್ಲಿ ಇನ್ನೊಬ್ಬನಿರಲಾರ.

ಒಂದು ಉಳಿದಿತ್ತು. ಸಾನಪಾಡಾದಲ್ಲಿ, ಸೇಟರ ಹೆಂಡತಿ ಸುಂದರಿಯಕ್ಕನ ಕೋಣೆಯಲ್ಲಿ. ಮುದುಕಿ ಹೊಸ ಫೋಟೋ ಬೇಡವೆಂದು ಹಟ ಹಿಡಿದಿದ್ದರು. ಭಾನುವಾರ ಸೇಟರ ಇಪ್ಪತ್ತೈದನೇ ಪುಣ್ಯತಿಥಿ, ವಾಶಿಯ ಸಭಾಂಗಣದಲ್ಲಿ ದೊಡ್ಡ ಕಾರ್ಯಕ್ರಮ. ಅದಕ್ಕೆ ಮೊದಲು ಹೇಗಾದರೂ ಅಮ್ಮನ ಕೋಣೆಯ ಪಟವನ್ನೂ ಬದಲಿಸುವುದೆಂದು ಮಗ ಸಮಿತ್ ನಿಶ್ಚಯಿಸಿದ್ದ. ಲೋಕನಾಥರು ಅವನಿಗೆ ಫೋನ್ ಮಾಡಿದರು. ಸಮಿತ್ ಖುಷಿಯಾದ. ಪಪ್ಪನ ಫೋಟೋದ ಹಿಂದೆ ಪಪ್ಪನದೇ ಮ್ಯಾನೇಜರನ ಪದ್ಯ ಇದೆಯೆಂದ ಮೇಲೆ ಅದು ಪಪ್ಪನ ಮೇಲೆಯೇ ಇರಬೇಕು. ಶನಿವಾರ ಬನ್ನಿ, ಕಟ್ಟು ಬಿಚ್ಚೋಣ, ಭಾನುವಾರ ಸ್ಟೇಜಿನಲ್ಲಿ ನೀವೇ ಓದಿ ಎಂದ. ಎಂಟುನೂರು ಜನ, ಹೋಟೆಲಿನವರೆಲ್ಲ ಎದುರಿನ ಸಾಲಿನಲ್ಲಿ. ಲೋಕನಾಥರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಠಾಣೆಯಲ್ಲಿ ಗಾಡಿ ಬದಲಿಸಿ ಅವರು ಸಾನಪಾಡಾ ತಲುಪಿದರು. ಕೈಯಲ್ಲಿ ಲೆಡ್ಜರು, ಭೂತಗನ್ನಡಿ, ಪ್ಲಾಸ್ಟಿಕ್ ಕವರು. ಸುಂದರಿಯಕ್ಕ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಎಂಬತ್ತಕ್ಕೆ ಒಂದು ಕಡಿಮೆ, ಹತ್ತಿಯ ಸೀರೆ.

"ಸರ್ವೋತ್ತಮನ ಪದ್ಯ ಹುಡುಕುವವರು ನೀವೇ ಅಲ್ವಾ?" ಎಂದರು. "ಕಾಪುವಿನವರಂತೆ. ಕೂತುಕೊಳ್ಳಿ. ಚಾ ಕುಡಿದು ಬಿಚ್ಚುವಾ."

ಹಾರವನ್ನು ಅವರೇ ತೆಗೆದರು. ಸಮಿತ್ ಅಡುಗೆಮನೆಯ ಚಾಕುವಿನಿಂದ ತುಕ್ಕು ಹಿಡಿದ ಮೊಳೆಗಳನ್ನು ಎಬ್ಬಿಸಿ, ಹಿಂದಿನ ಹಲಗೆ ತೆಗೆದ. ಹಾಳೆ ಗಟ್ಟಿಯಾಗಿಯೇ ಇತ್ತು. ಅಕ್ಷರ ಸ್ಪಷ್ಟ. ಲೋಕನಾಥರ ಕಣ್ಣಲ್ಲಿ ನೀರು ಬಂತು. ಹದಿಮೂರು ವರ್ಷ!

"ನನಗೆ ಕಣ್ಣಿಗೆ ಪೊರೆ ಬಂದಿದೆ. ನೀವೇ ಓದಿ, ದೊಡ್ಡಕ್ಕೆ" ಎಂದರು ಸುಂದರಿಯಕ್ಕ. ಸಮಿತ್ ಮೊಬೈಲ್ ಎತ್ತಿ ವಿಡಿಯೋ ಶುರುಮಾಡಿದ, ಫ್ಯಾಮಿಲಿ ಗ್ರೂಪಿಗೆ ಹಾಕಲು.

ಲೋಕನಾಥರು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಕಾಲಚಕ್ರ ನಿಂತಿತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಭೂತಗನ್ನಡಿ ಕೆಳಗಿಟ್ಟರು. ಇದು ಕಲ್ಲಿನ ಪದ್ಯವೇ, ಅಡುಗೆಕೋಣೆಯ ನಿಜವಾದ ಕಲ್ಲು. ಧಣಿಗೇ ಮಂಗಳಾರತಿ ಮಾಡಿದ ಪದ್ಯ. ಇದನ್ನು ಧಣಿಯ ಹೆಂಡತಿಯ ಮುಂದೆ, ಮಗನ ಮೊಬೈಲಿಗೆ ಓದುವುದೇ? ಓದಿದರೆ ನಾಳೆಯ ಸ್ಟೇಜು ಹೋಯಿತು, ಹಾಳೆ ಸಂಜೆಯೊಳಗೆ ವಾಶಿ ಖಾಡಿ ಸೇರಿತು, 'ಸಮಗ್ರ'ದ ಕಥೆ ಮುಗಿಯಿತು. ಹೇಗೂ ಮುದುಕಿಗೆ ಕಣ್ಣು ಕಾಣದು, ಮಗನಿಗೆ ಕನ್ನಡ ಓದಲು ಬಾರದು.

ಅವರು ಗಂಟಲು ಸರಿಮಾಡಿಕೊಂಡರು. ಹದಿಮೂರು ವರ್ಷ ಓದಿದ ಸನ್ಮಾನಪತ್ರಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು.

"ಕಡಲ ತಡಿಯಿಂದ ಬಂದ ಕರ್ಮಯೋಗಿ, ಕಲ್ಯಾಣಕೆ ಕಲ್ಯಾಣ ತಂದ ತ್ಯಾಗಿ, ಅನ್ನದಾತ ಮಾನಪ್ಪ ಧಣಿಯೇ, ಬಡವರ ಪಾಲಿನ ಬಂಗಾರದ ಗಣಿಯೇ..."

ಹೀಗೆ ಹನ್ನೆರಡು ಸಾಲು ಹರಿಯಿತು. ತಡವರಿಸಲೇ ಇಲ್ಲ. ಕವಿಯಲ್ಲ ಎಂದು ಜೀವಮಾನವಿಡೀ ಹೇಳಿಕೊಂಡವರು, ಸುಳ್ಳು ಹೇಳಬೇಕಾಗಿ ಬಂದಾಗ ಆಶುಕವಿಯಾಗಿಬಿಟ್ಟರು.

"ವಾಹ್ ಅಂಕಲ್" ಎಂದ ಸಮಿತ್, ಕಣ್ಣೊರೆಸಿಕೊಂಡು. "ಎಕ್ದಮ್ ಪಪ್ಪಾ."

ಸುಂದರಿಯಕ್ಕ ಮಡಿಲಲ್ಲಿದ್ದ ಹಾರವನ್ನು ಪಕ್ಕಕ್ಕಿಟ್ಟರು.

"ಚೆಂದ ಉಂಟು" ಎಂದರು ಆಮೇಲೆ. "ಆದರೆ ಇದರಲ್ಲಿ ನಾನಿಲ್ಲವಲ್ಲ, ಲೋಕನಾಥರೇ."

ಲೋಕನಾಥರು ಹಾಳೆಯನ್ನೇ ನೋಡುತ್ತಿದ್ದರು.

"ಸಂಚಿಕೆ ಬಂದ ದಿನವೇ ನಾನು ಓದಿದ್ದೇನೆ. ಇವರು ಓದಿಲ್ಲ. ಇವರು ಇವರ ಪುಟ ನೋಡಿದರು, ಫೋನ್ ನಂಬರು ಸರಿ ಉಂಟಾ ಅಂತ ನೋಡಿದರು, ಮುಚ್ಚಿದರು. ಸರ್ವೋತ್ತಮ ಒಂದು ವಾರ ಹೆದರಿ ನನ್ನ ಮುಖ ನೋಡಲಿಲ್ಲ. ಇವರು ಹೋದ ಮೇಲೆ ಫೋಟೋ ಬೇಕಾಯ್ತು. ಈ ಪುಟವೇ ಕಟ್ಟು ಹಾಕಿಸಿ, ಬೇರೆ ಯಾವುದೂ ಚೆಂದ ಬರೂದಿಲ್ಲ ಅಂತ ಮಕ್ಕಳಿಗೆ ಹೇಳಿದ್ದು ನಾನು. ಇಪ್ಪತ್ತೈದು ವರ್ಷ ದಿನಾ ದೀಪ ಇಟ್ಟಿದ್ದೇನೆ. ಅರ್ಧ ದೀಪ ಇವರಿಗೆ."

ಮತ್ತೆ ಅವರು ಹಾಳೆಯ ಕಡೆ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ಹೇಳತೊಡಗಿದರು. ಶಾಲೆಯ ಮಕ್ಕಳು ಹೇಳುವ ಹಾಗೆ, ಏರಿಳಿತವಿಲ್ಲದೆ.

ಬೋರ್ಡಿನ ಮೇಲೆ ಧಣಿಯ ಹೆಸರು,
ಗಲ್ಲಾದ ಮೇಲೆ ಧಣಿಯ ಕೈ.
ನಸುಕಿಗೆದ್ದು ಕಲ್ಲಿನೆದುರು ಕೂತವಳ
ಹೆಸರು ಕೇಳಿದವರಿಲ್ಲ, ಸುಂದರಿ.
ಅಕ್ಕಿ ನುಣ್ಣಗಾಯಿತು, ಉದ್ದು ನುಣ್ಣಗಾಯಿತು,
ನಿನ್ನ ಬೆರಳ ಗೆರೆಯೂ ನುಣ್ಣಗಾಯಿತು.
ಊರೆಲ್ಲ ಹೊಗಳಿತು ಧಣಿಯ ಇಡ್ಲಿಯನ್ನು;
ಧಣಿಯೂ ಹೊಗಳಿದ, ತನ್ನನ್ನು.

ಸಮಿತ್‌ನ ಮೊಬೈಲು ಇನ್ನೂ ಓಡುತ್ತಿತ್ತು. ಸುಂದರಿಯಕ್ಕ ಬಲಗೈ ಚಾಚಿ ಲೋಕನಾಥರ ಮುಂದೆ ಹಿಡಿದರು. "ಆಧಾರ್ ಕಾರ್ಡಿಗೆ ಹೋದಾಗ ಮಿಷನ್ ಈ ಬೆರಳು ಹಿಡಿಯಲೇ ಇಲ್ಲ. ನಾಲ್ಕು ಸಲ ಒರೆಸಿ ಒರೆಸಿ ಒತ್ತಿಸಿದರು. ಆಜಿ, ನಿಮಗೆ ಗೆರೆಯೇ ಇಲ್ಲ ಅಂದ ಆ ಹುಡುಗ. ಸರ್ವೋತ್ತಮ ಅದನ್ನು ಯಾವಾಗಲೋ ನೋಡಿದ್ದ. ಇವರು ಮೂವತ್ತೈದು ವರ್ಷ ಜೊತೆಗಿದ್ದೂ ನೋಡಲಿಲ್ಲ."

ಲೋಕನಾಥರಿಗೆ ನಾಚಿಕೆಯಾಯಿತು. ಹನ್ನೆರಡು ಪುಟದ ಪ್ರಬಂಧ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಒಟ್ಟಿಗೆ ಎದುರಿಗೆ ಬಂದು ನಿಂತ ಹಾಗಾಯಿತು. ನೂರಹನ್ನೊಂದು ಪದ್ಯಗಳಿಗೆ ನಂಬರು ಕೊಟ್ಟಿದ್ದರು. ಅವುಗಳಲ್ಲಿ ಒಂದನ್ನಾದರೂ ಈ ಹೆಂಗಸು ಓದಿದ ಹಾಗೆ ತಾವು ಓದಿದ್ದುಂಟೇ ಎಂದು ಕೇಳಿಕೊಂಡರು. ಇಲ್ಲವೆಂದು ಅವರಿಗೇ ಗೊತ್ತಿತ್ತು.

"ತಪ್ಪಾಯ್ತು, ಅಕ್ಕಾ" ಎಂದರು.

"ಹೆದರಿದಿರಿ. ನಮ್ಮ ಸಂಘದವರೆಲ್ಲ ಧಣಿಗಳಿಗೆ ಹೆದರುವವರೇ. ಬರೆದುಕೊಳ್ಳಿ ಈಗ."

ಕೈಯಲ್ಲಿ ಅಚ್ಚಾದ ಹಾಳೆ ಇದ್ದರೂ, ಅವರು ಹೇಳಿದ ಹಾಗೆ, ಸಾಲು ಸಾಲಾಗಿ ಲೋಕನಾಥರು ಲೆಡ್ಜರಿನಲ್ಲಿ ಬರೆದುಕೊಂಡರು. ಬರೆದದ್ದನ್ನು ಎರಡು ಸಲ ಓದಿಸಿಕೊಂಡ ಮೇಲೆಯೇ ಸುಂದರಿಯಕ್ಕ ತಲೆಯಾಡಿಸಿದ್ದು. ಅಷ್ಟರಲ್ಲಿ ಸಮಿತ್‌ಗೆ ವಿಷಯ ಅರ್ಧಂಬರ್ಧ ತಲುಪಿತ್ತು. ಅವನು ಮೊಬೈಲು ಇಳಿಸಿ, "ಮಮ್ಮಿ, ಇಸ್ಮೇ ಪಪ್ಪಾ ಕಾ ಕುಛ್ ಅಚ್ಛಾ ನಹೀ ಹೈ?" ಎಂದು, ಪಪ್ಪನ ಬಗ್ಗೆ ಒಂದಾದರೂ ಒಳ್ಳೆ ಮಾತಿಗಾಗಿ ಕೇಳಿದ.

"ಪಪ್ಪಂದು ಆಚೆ ಬದಿಯಲ್ಲಿ ಉಂಟಲ್ಲ ಮಗಾ, ಇಡೀ ಪುಟ" ಎಂದರು ಸುಂದರಿಯಕ್ಕ.

ಆಮೇಲೆ ಲೋಕನಾಥರ ಕಡೆ ತಿರುಗಿದರು. "ನಾಳೆ ಸ್ಟೇಜಿನಲ್ಲಿ ನೀವು ಇದನ್ನೇ ಓದಬೇಕು. ಹೋಟೆಲಿನವರೆಲ್ಲ ಬರ್ತಾರೆ."

ಹದಿಮೂರು ವರ್ಷ ಸ್ಟೇಜಿಗಾಗಿಯೇ ಬದುಕಿದ್ದ ಲೋಕನಾಥರಿಗೆ ಮೊದಲ ಬಾರಿಗೆ ಕಾರ್ಯಕ್ರಮ ರದ್ದಾಗಬಾರದೇ ಎನ್ನಿಸಿತು. ಎಂಟುನೂರು ಜನ, ಎದುರಿನ ಸಾಲಿನಲ್ಲಿ ಎಲ್ಲ ಧಣಿಗಳು. "ಅಷ್ಟು ಜನರ ಮುಂದೆ ನನಗೆ ಸ್ವರ ಹೊರಡುತ್ತದೋ ಇಲ್ಲವೋ, ಅಕ್ಕಾ" ಎಂದರು.

"ಎಂತದೂ ಹೆದರಬೇಡಿ" ಎಂದರು ಸುಂದರಿಯಕ್ಕ. "ನಾನು ಮುಂದೆಯೇ ಕೂತಿರ್ತೇನೆ. ನೀವು ತಪ್ಪಿದರೆ ಅಲ್ಲಿಂದಲೇ ದೊಡ್ಡಕ್ಕೆ ಹೇಳಿಕೊಡ್ತೇನೆ."